ಅಪ್ಪನ ಸಾಲಿಗ್ರಾಮ ನನ್ನ ಫ್ಲ್ಯಾಟಿಗೆ ಬಂದಿದೆ. ದಿನಾ ಪೂಜೆ ಮಾಡುವವರು ಯಾರು?

ಹೊಸನಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ ಹೋಗಿ ಒಂದು ವರ್ಷ ಎರಡು ತಿಂಗಳಾಯಿತು. ವರ್ಷಾಂತಿಕ ಮುಗಿಸಿ, ಊರಿನ ಮನೆಗೆ ಬೀಗ ಹಾಕಿ, ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆ. ನಾನು ಒಬ್ಬಳೇ ಮಗಳು. ಅಮ್ಮನ ಜೊತೆ ಬಂದಿದ್ದು ಎರಡು ಸೂಟ್‌ಕೇಸ್, ಒಂದು ಒರಳುಕಲ್ಲಿನ ಗುಂಡು (ಯಾಕೆ ಅಂತ ಕೇಳಬೇಡಿ), ಆಮೇಲೆ ಅಪ್ಪನ ಪಂಚೆಯಲ್ಲಿ ಸುತ್ತಿದ ತಾಮ್ರದ ಸಂಪುಟ. ಅದರಲ್ಲಿ ಸಾಲಿಗ್ರಾಮ ಇವೆ, ವಿಷ್ಣು ಅಂತ ಪೂಜೆ ಮಾಡುವ ಕಲ್ಲುಗಳು. ರಾತ್ರಿ ಬಸ್ಸಿನಲ್ಲಿ ಬೆಳಗಿನವರೆಗೂ ಅಮ್ಮ ಅದನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ಅಪ್ಪ ದಿನಾ ಮುಕ್ಕಾಲು ಗಂಟೆ ಪೂಜೆ ಮಾಡುತ್ತಿದ್ದರು. ಜ್ವರ ಬಂದರೂ ಬಿಟ್ಟವರಲ್ಲ. ಅವರು ಹೋದ ಮೇಲೆ ದೊಡ್ಡಪ್ಪನ ಮಗ ಬಂದು ಮಾಡುತ್ತಿದ್ದ, ಅವನಿಗೆ ಈಗ ವರ್ಗ ಆಗಿದೆ. ನಮ್ಮ ಮನೆಯಲ್ಲಿ ದೇವರ ಮನೆ ಅಂದರೆ ಅಡುಗೆಮನೆ ಗೋಡೆಯ ಒಂದು ಕಪಾಟು. ನಾನು ಏಳೂವರೆಗೆ ಮನೆ ಬಿಡಬೇಕು. ನನ್ನ ಯಜಮಾನರಿಗೆ ಉಪನಯನ ಆಗಿದೆ, ಆದರೆ ಸಂಧ್ಯಾವಂದನೆ ಮರೆತು ಹದಿನೈದು ವರ್ಷ.

ದಿನಾ ನೈವೇದ್ಯ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಒಬ್ಬರು. ಹೆಂಗಸರು ಮುಟ್ಟಲೇಬಾರದು ಅಂತ ಅತ್ತೆಯ ತಂಗಿ. ಮಠಕ್ಕೆ ಕೊಟ್ಟು ಕೈತೊಳೆದುಕೊಳ್ಳಿ ಅಂತ ಮತ್ತೊಬ್ಬರು. ಅಮ್ಮ ಮಾತ್ರ ಏನೂ ಹೇಳುತ್ತಿಲ್ಲ. ಸಂಜೆ ದೀಪ ಹಚ್ಚಿ ಸಂಪುಟದ ಮುಂದೆ ನಿಲ್ಲುತ್ತಾಳೆ. ಮುಚ್ಚಳ ತೆಗೆಯುವುದಿಲ್ಲ. ಹತ್ತು ದಿನ ಆಯಿತು ಹೀಗೆ.

ನಿಮ್ಮ ಮನೆಗಳಲ್ಲಿ ಏನು ಮಾಡಿದ್ದೀರಿ? ಇಷ್ಟು ಮಾಡಿದರೆ ಸಾಕು ಅನ್ನುವ ಲೆಕ್ಕ ಏನಾದರೂ ಇದೆಯಾ?

ಗಡಿಬಿಡಿ ಗಣಪ

ಹತ್ತು ದಿನಕ್ಕೆ ದೇವರು ಸೊರಗಿರುವುದಿಲ್ಲ ಬಿಡಿ. ಮೊದಲು ಅಮ್ಮನಿಗೆ ಏನು ಬೇಕು ಅಂತ ಕೇಳಿದಿರಾ?

ರಿಟೈರ್ಡ್ ಮೇಷ್ಟ್ರು

ಮಗೂ, ನನಗೆ ತಿಳಿದಷ್ಟು ಹೇಳುತ್ತೇನೆ. ಬೇರೆ ವಿಗ್ರಹಕ್ಕೆ ಪ್ರಾಣಪ್ರತಿಷ್ಠೆ ಮಾಡಬೇಕು, ಅಂದರೆ ಮಂತ್ರ ಹೇಳಿ ದೇವರನ್ನು ಅದರೊಳಗೆ ನೆಲೆಗೊಳಿಸಬೇಕು. ಸಾಲಿಗ್ರಾಮಕ್ಕೆ ಅದು ಬೇಡ. ಅದರಲ್ಲಿ ವಿಷ್ಣು ಯಾವಾಗಲೂ ಇದ್ದಾನೆ ಅನ್ನುವುದು ನಂಬಿಕೆ, ಪೂಜೆಗೆ ಬಾ ಅಂತ ಕರೆಯುವ ಆವಾಹನೆಯೂ ಇಲ್ಲ. ಅದಕ್ಕೇ ದಿನಾ ಪೂಜೆ ಅನ್ನುವ ಕಟ್ಟು. ಮನೆಗೆ ಬಂದ ಅತಿಥಿ ವಾಪಸ್ ಹೋಗುತ್ತಾನೆ, ಮನೆಯಲ್ಲೇ ಇರುವವನಿಗೆ ದಿನಾ ಊಟ ಹಾಕಬೇಕಲ್ಲ.

ನಮ್ಮ ಸಂಪ್ರದಾಯದಲ್ಲಿ ಹೆಣ್ಣುಮಕ್ಕಳು ಮುಟ್ಟುವುದಿಲ್ಲ. ನಿಮ್ಮ ಯಜಮಾನರೇ ಮಾಡಬೇಕು. ಆಗದಿದ್ದರೆ ನೆಂಟರಲ್ಲಿ ಪೂಜೆ ಇಟ್ಟುಕೊಂಡವರಿಗೆ ಕೊಡಿ, ಇಲ್ಲವೇ ದೇವಸ್ಥಾನಕ್ಕೆ. ದುಡ್ಡಿಗೆ ಮಾತ್ರ ಕೊಡಬೇಡಿ. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು ಅಂತ ಹಿಂದಿನವರು ಹೇಳುತ್ತಾರೆ.

ಎಷ್ಟಿವೆ ಅಂತ ಎಣಿಸಿ ನೋಡಿದಿರಾ? ಅದಕ್ಕೂ ಒಂದು ಕ್ರಮ ಇದೆ.

ಅಡುಗೆಮನೆ ಆಸ್ಥಾನ

ಶುರುವಾಯಿತು. ಮೇಷ್ಟ್ರೇ, ಒಂದು ಮಾತು. ಇವರ ಅಮ್ಮ ಮದುವೆಯಾಗಿ ಬಂದ ದಿನದಿಂದ ಬೆಳಗಿನ ಜಾವ ಎದ್ದು, ತಣ್ಣೀರು ಸ್ನಾನ ಮಾಡಿ, ಮಡಿ ಉಟ್ಟು, ನೈವೇದ್ಯಕ್ಕೆ ಅನ್ನ ಮಾಡಿರುತ್ತಾರೆ. ಹೂವು ಬಿಡಿಸಿದ್ದು ಅವರು. ಹೂಬತ್ತಿ, ಗೆಜ್ಜೆವಸ್ತ್ರ ಮಾಡಿದ್ದು ಅವರು. ಗಂಧ ತೇಯ್ದಿದ್ದು, ಪಾತ್ರೆ ಬೆಳಗಿದ್ದು ಎಲ್ಲ ಅವರೇ. ಆ ಕೈ ಮಾಡಿದ ಅನ್ನ ದೇವರು ಉಣ್ಣಬಹುದು. ಕೈ ಮಾತ್ರ ತಾಗಬಾರದು. ಇದು ಯಾವ ಲೆಕ್ಕ?

ನಮ್ಮ ಅತ್ತೆ ಮನೆಯಲ್ಲಿ ಮಡಿಬಟ್ಟೆ ಎತ್ತಿ ಹಾಕುವುದಕ್ಕೆ ಒಂದು ಮಡಿಕೋಲು ಇತ್ತು. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಬಾಲ್ಕನಿಯಲ್ಲಿ ಆ ಕೋಲು ಹಿಡಿದು ಸೀರೆ ಹರವುವಾಗ ಕೆಳಗಿನ ಮನೆಯವರ ಡಿಶ್ ಆಂಟೆನಾ ತಿರುಗಿಹೋಯಿತು. ಕ್ರಿಕೆಟ್ ಫೈನಲ್ ದಿನ. ಆಮೇಲೆ ಮಡಿ ತಾನಾಗಿಯೇ ಸಡಿಲ ಆಯಿತು.

ರಿಟೈರ್ಡ್ ಮೇಷ್ಟ್ರು

ನಾನು ಇರುವ ಪದ್ಧತಿ ಹೇಳಿದೆ ತಾಯಿ, ಅದನ್ನು ಮಾಡಿದವನು ನಾನಲ್ಲ. ಗ್ರಂಥಗಳಲ್ಲಿ ಬೇಡ ಅನ್ನುವ ವಾಕ್ಯವೂ ಸಿಗುತ್ತದೆ, ಅಡ್ಡಿಯಿಲ್ಲ ಅನ್ನುವ ವಾಕ್ಯವೂ ಸಿಗುತ್ತದೆ. ಯಾವುದನ್ನು ಹಿಡಿಯಬೇಕು ಅನ್ನುವುದಕ್ಕೇ ಮನೆತನದ ಆಚಾರ ನೋಡುವುದು.

ಅಡುಗೆಮನೆ ಆಸ್ಥಾನ

ಆ ಆಚಾರ ಕಟ್ಟಿದಾಗ ನಮ್ಮನ್ನು ಯಾರೂ ಕೇಳಿರಲಿಲ್ಲ ಮೇಷ್ಟ್ರೇ.

ಪುರೋಹಿತರ ಮಗ

ಅಕ್ಕಾ, ನಮ್ಮಪ್ಪ ಪೌರೋಹಿತ್ಯ ಮಾಡುವವರು. ಈ ಪ್ರಶ್ನೆ ಅವರಿಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಮಕ್ಕಳು ಹೊರದೇಶದಲ್ಲಿ, ಊರಲ್ಲಿ ಮುದುಕರು, ಮಧ್ಯೆ ಒಂದು ಸಂಪುಟ. ಅವರು ಹೇಳುವುದನ್ನೇ ಬರೆಯುತ್ತೇನೆ. ಹತ್ತು ನಿಮಿಷದ ಕೆಲಸ.

ಸ್ನಾನ ಮಾಡಿ ಒಗೆದ ಬಟ್ಟೆ. ಸಂಪುಟ ತೆಗೆದು ನಿನ್ನೆಯ ತುಳಸಿ ತೆಗೆಯುವುದು, ಅದೇ ನಿರ್ಮಾಲ್ಯ. ತಟ್ಟೆಯಲ್ಲಿಟ್ಟು ಶಂಖದಲ್ಲೋ ಉದ್ಧರಣೆಯಲ್ಲೋ (ಪೂಜೆಯ ಚಿಕ್ಕ ಚಮಚ) ನೀರು ಹಾಕುವುದು. ವೇದದ ಪುರುಷಸೂಕ್ತ ಬಂದರೆ ಹೇಳಿ. ಬರದಿದ್ದರೆ ಕೇಶವಾಯ, ನಾರಾಯಣಾಯ ಅಂತ 24 ಹೆಸರು. ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಗಂಧ, ಒಂದೊಂದಕ್ಕೂ ಒಂದು ತುಳಸಿದಳ. ದೀಪ. ಒಂದು ಲೋಟ ಹಾಲು, ಇಲ್ಲ ನಾಲ್ಕು ಒಣದ್ರಾಕ್ಷಿ. ಆರತಿ. ಮುಗಿಯಿತು.

ಷೋಡಶೋಪಚಾರ ಅಂದರೆ 16 ಉಪಚಾರ. ಪುರುಷಸೂಕ್ತದ 16 ಮಂತ್ರ ಅದಕ್ಕೆ ಒಂದೊಂದಾಗಿ ಹೊಂದಿಸಿದ್ದಾರೆ. ಸಮಯ ಇಲ್ಲದವರಿಗೆ ಅಂತಲೇ ಐದರ ಪೂಜೆಯೂ ಇದೆ. ಗಂಧ, ಹೂವು, ಧೂಪ, ದೀಪ, ನೈವೇದ್ಯ. ಇದು ಈಗಿನ ಕಾಲಕ್ಕೆ ಕತ್ತರಿಸಿದ್ದಲ್ಲ, ಮೊದಲಿನಿಂದಲೂ ಇರುವುದು. ಹಿಂದಿನವರಿಗೂ ಗದ್ದೆ ಕೆಲಸ, ಕೋರ್ಟು ಕಚೇರಿ ಇತ್ತಲ್ಲ.

ಊರಿಗೆ ಹೋಗುವಾಗ ಸಂಪುಟ ಜೊತೆಗೆ ಒಯ್ಯುವವರಿದ್ದಾರೆ. ನಮ್ಮಜ್ಜ ಅಕ್ಕಿ ಡಬ್ಬಿಯಲ್ಲಿ ಇಟ್ಟು ‘ಉಂಡುಕೊಂಡಿರು’ ಅಂತ ಹೇಳಿ ಹೋಗುತ್ತಿದ್ದರು.

ಗಡಿಬಿಡಿ ಗಣಪ

‘ಉಂಡುಕೊಂಡಿರು’!! ನಿಮ್ಮಜ್ಜನಿಗೆ ದೊಡ್ಡ ನಮಸ್ಕಾರ.

ಹುಬ್ಬಳ್ಳಿ ಮಂದಿ

ನಮ್ಮ ಲಿಂಗಾಯತರಲ್ಲಿ ಈ ಸಮಸ್ಯೆನೇ ಇಲ್ಲ ನೋಡ್ರಿ. ಇಷ್ಟಲಿಂಗ ಅವರವರ ಕೊರಳಲ್ಲಿ. ಗಂಡಸರಿಗೂ ಉಂಟು, ಹೆಂಗಸರಿಗೂ ಉಂಟು. ಎಡಗೈ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ, ವಿಭೂತಿ, ಪತ್ರಿ. ಆಮೇಲೆ ಕರಡಿಗೆಯೊಳಗೆ, ಅಂದರೆ ಲಿಂಗ ಇಡುವ ಪುಟ್ಟ ಡಬ್ಬಿಯೊಳಗೆ, ವಾಪಸ್. ಮನುಷ್ಯ ಹೋದ ಮೇಲೆ ಅವನ ಲಿಂಗ ಅವನ ಜೊತೆಗೇ ಸಮಾಧಿಯಲ್ಲಿ. ಮಗನಿಗೆ ಬರುವುದಿಲ್ಲ, ಮಗಳಿಗೂ ಬರುವುದಿಲ್ಲ. ನನ್ನ ಪೂಜೆ ನಾನೇ ಮಾಡಬೇಕು, ಇನ್ನೊಬ್ಬರ ಕೈಯಲ್ಲಿ ಮಾಡಿಸುವ ಹಾಗಿಲ್ಲ.

ನಮ್ಮವ್ವ ಎಂಬತ್ತು ದಾಟಿದ್ದಾಳೆ. ಕಣ್ಣು ಕಾಣುವುದಿಲ್ಲ. ಕರಡಿಗೆಯ ದಾರದ ಗಂಟು ಬಿಚ್ಚುವುದಕ್ಕೆ ಮಾತ್ರ ಯಾರನ್ನೂ ಹತ್ತಿರ ಬಿಡುವುದಿಲ್ಲ. ಅದು ಬಿಚ್ಚುವುದಕ್ಕೇ ಕಾಲು ಗಂಟೆ ಹಿಡಿಯುತ್ತದೆ. ನಾವು ಚಹಾ ಇಟ್ಟುಕೊಂಡು ಕಾಯುತ್ತೇವೆ.

ಸುಮ್ನೆ ಓದುಗ

ಲಿಂಗಾಯತ ಬೇರೆ ಧರ್ಮ ಅಂತ 2018ರಲ್ಲಿ ಅಷ್ಟು ದೊಡ್ಡ ಗಲಾಟೆ ಆಯಿತಲ್ಲ, ಇಲ್ಲಿ ಯಾಕೆ...

ಹುಬ್ಬಳ್ಳಿ ಮಂದಿ

ಆ ಜಗಳ ಬೇರೆ ಕಡೆ ಮಾಡೋಣ ತಮ್ಮಾ. ಇಲ್ಲಿ ಒಬ್ಬ ತಂಗಿ ಕಷ್ಟ ಹೇಳಿಕೊಂಡಿದ್ದಾಳೆ.

ಬಾರ್ಕೂರು ಬೈಲು

ಕರಾವಳಿಯಲ್ಲಿ ನಮ್ಮದು ಮತ್ತೊಂದು ಪದ್ಧತಿ ಮಾರಾಯ್ರೆ. ದೈವ, ನಾಗ ಎಲ್ಲ ಕುಟುಂಬದ ಮನೆಯಲ್ಲಿ. ಅಲ್ಲಿ ಯಾರು ಇದ್ದಾರೋ ಅವರು ದಿನಾ ದೀಪ ಇಡುತ್ತಾರೆ. ಉಳಿದವರು ಮುಂಬೈಯಲ್ಲಿರಲಿ ದುಬೈಯಲ್ಲಿರಲಿ, ದೈವಕ್ಕೆ, ನಾಗನಿಗೆ ಪೂಜೆ ಕೊಡುವ ತಂಬಿಲದ ದಿನ ಬಂದು ಸೇರುತ್ತಾರೆ, ಖರ್ಚು ಹಂಚಿಕೊಳ್ಳುತ್ತಾರೆ. ಒಬ್ಬರ ತಲೆ ಮೇಲೆ ಪೂರ್ತಿ ಭಾರ ಇಲ್ಲ. ಜಗಳ ಇಲ್ಲ ಅಂತಲ್ಲ. ದೀಪ ಇಡುವವನು ‘ಎಣ್ಣೆಯ ದುಡ್ಡು ಯಾರೂ ಕಳಿಸಲಿಲ್ಲ’ ಅಂತ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಎರಡು ದಿನ ಯಾರೂ ಗುಡ್ ಮಾರ್ನಿಂಗ್ ಕೂಡ ಹಾಕುವುದಿಲ್ಲ.

ಮಂಡ್ಯದ ಕಬ್ಬು

ನಮ್ಮ ಕಡೆ ಸೋಮವಾರ, ಶುಕ್ರವಾರ ಗಟ್ಟಿ. ಉಳಿದ ದಿನ ಊದುಕಡ್ಡಿ ಹಚ್ಚಿ ಕೈಮುಗಿದರೆ ಆಯಿತು. ಶುಕ್ರವಾರ ಮನೆ ಸಾರಿಸಿ, ಹೊಸ್ತಿಲಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಸಾಮ್ರಾಣಿ ಹೊಗೆ ಹಾಕುತ್ತಾರೆ. ಹೊಸ್ತಿಲು ಪೂಜೆ ಮಾಡುವುದು ನಮ್ಮವ್ವನೇ. ಅದನ್ನು ಗಂಡಸರು ಮಾಡಿದ್ದು ನಾನು ನೋಡಿಲ್ಲ. ಅದಕ್ಕೆ ಯಾರೂ ಶಾಸ್ತ್ರ ಕೇಳಿಲ್ಲ ನೋಡಿ.

ಈಗ ತಮ್ಮನ ಫ್ಲ್ಯಾಟಲ್ಲಿ ಹೊಸ್ತಿಲೇ ಇಲ್ಲ. ಟೈಲ್ಸ್ ಸಮತಟ್ಟಾಗಿ ಹೊರಗೆ ಹೋಗುತ್ತದೆ. ಅವ್ವ ಬಂದವಳು ಬಾಗಿಲಲ್ಲಿ ನಿಂತು ‘ಎಲ್ಲಿಗೋ ಹಚ್ಚಲಿ ಅರಿಶಿನ’ ಅಂದಳು. ಕೊನೆಗೆ ಬಡಗಿ ಕರೆಸಿ ಒಂದು ಮರದ ಪಟ್ಟಿ ಹೊಡೆಸಿದೆವು. ರೋಬೋ ವ್ಯಾಕ್ಯೂಮು ಅದಕ್ಕೆ ಬಡಿದು ಬಡಿದು ನಿಲ್ಲುತ್ತದೆ.

ಕಲ್ಲುಬಂಡೆ

ನಾನು ಭೂವಿಜ್ಞಾನ ಓದಿದವನು, ಸ್ವಲ್ಪ ಮೂಗು ತೂರಿಸುತ್ತೇನೆ. ಸಾಲಿಗ್ರಾಮ ಅಂದರೆ ಅಮೊನೈಟ್ ಅನ್ನುವ ಸಮುದ್ರಜೀವಿಯ ಪಳೆಯುಳಿಕೆ. ಬಸವನಹುಳದ ಹಾಗೆ ಸುರುಳಿ ಚಿಪ್ಪು, ಆದರೆ ಹತ್ತಿರದ ನೆಂಟರು ಅಂದರೆ ಸ್ಕ್ವಿಡ್, ಆಕ್ಟೋಪಸ್. ಹಿಮಾಲಯ ಎದ್ದೇಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರ ಇತ್ತು. ಸತ್ತ ಅಮೊನೈಟ್ ಕೆಸರಿನಲ್ಲಿ ಹೂತು ಕಲ್ಲಾಯಿತು. ಆಮೇಲೆ ನೆಲವೇ ಮೇಲೆದ್ದಿತು. ಈಗ ನೇಪಾಳದ ಮುಸ್ತಾಂಗ್ ಕಡೆ ಕಾಳಿ ಗಂಡಕಿ ನದಿ ಆ ಕಪ್ಪು ಕಲ್ಲನ್ನು ಕೊರೆದು ಉರುಳಿಸಿಕೊಂಡು ಬರುತ್ತದೆ. ವಯಸ್ಸು ಸುಮಾರು 14-16 ಕೋಟಿ ವರ್ಷ. ನೀವು ‘ಚಕ್ರ’ ಅನ್ನುವುದು ಆ ಚಿಪ್ಪಿನ ಸುರುಳಿಯ ಅಚ್ಚು.

ಹಾಗಾಗಿ ಹತ್ತು ದಿನ ಪೂಜೆ ಇಲ್ಲ ಅಂತ ಅದಕ್ಕೆ ಏನೂ ಆಗುವುದಿಲ್ಲ. ನನ್ನ ಪ್ರಕಾರ ಒಂದು ಕಾಲೇಜಿನ ಮ್ಯೂಸಿಯಮ್ಮಿಗೆ ಕೊಡಿ, ಮಕ್ಕಳು ನೋಡಲಿ.

ಅಡುಗೆಮನೆ ಆಸ್ಥಾನ

ಮೊದಲ ಪ್ಯಾರಾಗೆ ಚಪ್ಪಾಳೆ. ಎರಡನೆಯದಕ್ಕೆ ಇಲ್ಲ. ಅವರ ಅಮ್ಮ ರಾತ್ರಿಯಿಡೀ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದನ್ನು ಮ್ಯೂಸಿಯಮ್ಮಿಗೆ ಕೊಡಬೇಕಾ?

ಕಲ್ಲುಬಂಡೆ

ಸರಿ ಸರಿ, ಅದನ್ನು ವಾಪಸ್ ತೆಗೆದುಕೊಂಡೆ. ಅಂದಹಾಗೆ ಆನ್‌ಲೈನಲ್ಲಿ ಮಾರುವುದರಲ್ಲಿ ಕಪ್ಪು ಕಲ್ಲಿಗೆ ಯಂತ್ರದಲ್ಲಿ ಚಕ್ರ ಕೊರೆದಿದ್ದೂ ಇರುತ್ತದೆ. ಸುರುಳಿಯ ಗೆರೆ ತೀರಾ ಸಮನಾಗಿದ್ದರೆ ಅನುಮಾನ ಪಡಿ.

ಸಾಲಿಗ್ರಾಮದವನು

ತಲೆಬರಹದಲ್ಲಿ ಊರಿನ ಹೆಸರು ನೋಡಿ ಓಡಿ ಬಂದೆ 😀

ಬಾರ್ಕೂರು ಬೈಲು

ಯಾವ ಸಾಲಿಗ್ರಾಮ? ನಮ್ಮ ಕೋಟದ ಹತ್ತಿರದ್ದಾ, ಗುರುನರಸಿಂಹ ದೇವಸ್ಥಾನ?

ಸಾಲಿಗ್ರಾಮದವನು

ಅಲ್ಲ ಸಾರ್, ಮೈಸೂರು ಜಿಲ್ಲೆಯದ್ದು, ಕೆ.ಆರ್. ನಗರದ ಕಡೆ. ರಾಮಾನುಜರು ಬಂದಿದ್ದರು ಅಂತ ಹೇಳುವ ಊರು. ಅವರ ಪಾದ ತೊಳೆದ ನೀರಿನ ಕೊಳ ಅಂತ ಶ್ರೀಪಾದ ತೀರ್ಥ ಇದೆ. ಬಸ್ ಕಂಡಕ್ಟರಿಗೆ ಸಾಲಿಗ್ರಾಮ ಅಂದರೆ ಸಾಕು. ಬೇರೆಯವರಿಗೆ ಹೇಳಿದರೆ ‘ಓಹ್ ಉಡುಪಿಯಾ’ ಅನ್ನುತ್ತಾರೆ. ಜೀವನಪೂರ್ತಿ ಇದೇ ಗೋಳು.

ನ್ಯೂಜೆರ್ಸಿ ನುಗ್ಗೆಕಾಯಿ

ನನ್ನ ಹತ್ತಿರವೂ ಒಂದು ಇದೆ, ಮಾವನವರು ಕೊಟ್ಟಿದ್ದು. ಹನ್ನೊಂದು ವರ್ಷದಿಂದ ಇಲ್ಲಿ ಮಾಡುತ್ತಿದ್ದೇನೆ. ತುಳಸಿಯದ್ದೇ ದೊಡ್ಡ ಚಿಂತೆ. ಚಳಿಗಾಲದಲ್ಲಿ ಗಿಡ ಸಾಯುತ್ತದೆ. ಮೊದಲ ವರ್ಷ ಅತ್ತೂ ಬಿಟ್ಟೆ. ಆಮೇಲೆ ಊರಿನಿಂದ ಒಬ್ಬರು ಹೇಳಿದರು, ತುಳಸಿ ಒಣಗಿದರೂ ಹಳತು ಅಂತ ಲೆಕ್ಕವಿಲ್ಲ, ಒಣಗಿಸಿ ಇಟ್ಟುಕೋ ಅಂತ. ಈಗ ಬೇಸಿಗೆಯಲ್ಲಿ ದಳ ಬಿಡಿಸಿ, ಪೇಪರಿನ ಮೇಲೆ ನೆರಳಲ್ಲಿ ಒಣಗಿಸಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಡುತ್ತೇನೆ. ದ್ವಾದಶಿ ದಿನ ಮಾತ್ರ ಬಿಡಿಸುವುದಿಲ್ಲ. ಅಷ್ಟು ಭಯ ಇದೆ.

ಊದುಬತ್ತಿ ಬಿಟ್ಟಿದ್ದೇನೆ. ಒಂದು ಸಂಕ್ರಾಂತಿಗೆ ಕರ್ಪೂರ ಸ್ವಲ್ಪ ಜಾಸ್ತಿ ಹಾಕಿದೆ. ಫೈರ್ ಅಲಾರಂ ಹೊಡೆದು ಕಟ್ಟಡ ಖಾಲಿ. ಹಿಮದಲ್ಲಿ ಪಂಚೆ ಉಟ್ಟು, ಮೇಲೊಂದು ಜಾಕೆಟ್ ಹಾಕಿ, ಕೈಯಲ್ಲಿ ಎಳ್ಳುಬೆಲ್ಲದ ಡಬ್ಬಿ ಹಿಡಿದು ನಿಂತಿದ್ದೆ. ಫೈರ್ ಇಂಜಿನ್ನಿನವರಿಗೂ ಎಳ್ಳುಬೆಲ್ಲ ಕೊಟ್ಟೆ. ಒಳ್ಳೆ ಮಾತಾಡಿ ಅಂದೆ. ಬೈಯಲಿಲ್ಲ.

ಗಡಿಬಿಡಿ ಗಣಪ

ಈಗಿನ ಕರ್ಪೂರ ಹೆಚ್ಚಿನದು ಪೈನ್ ಮರದ ಟರ್ಪೆಂಟೈನ್‌ನಿಂದ ಮಾಡುವುದು. ಅಲಾರಂ ಹೊಡೆಯದೆ ಇನ್ನೇನು. ಪಚ್ಚಕರ್ಪೂರ ಬೇರೆ, ಅದನ್ನು ಲಾಡುಗೆ ಹಾಕುತ್ತಾರೆ, ಎರಡನ್ನೂ ಬೆರೆಸಿಕೊಳ್ಳಬೇಡಿ. ನಮ್ಮತ್ತಿಗೆ ಒಂದು ಸಲ ಬೆರೆಸಿಕೊಂಡು ಇಡೀ ಕೇಸರಿಬಾತು ಚೆಲ್ಲಬೇಕಾಯಿತು.

ಹೊಸನಗರದ ಹುಡುಗಿ

ಎಷ್ಟು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಯಜಮಾನರಿಗೂ ಓದಿ ಹೇಳಿದೆ. ‘ಒಣದ್ರಾಕ್ಷಿ ಸಾಕು’ ಅನ್ನುವಲ್ಲಿ ಅವರ ಮುಖ ಸ್ವಲ್ಪ ಅರಳಿತು.

ಇವತ್ತು ಭಾನುವಾರ. ಅವರೇ ಸ್ನಾನ ಮಾಡಿ ಪಂಚೆ ಉಟ್ಟು ಕೂತರು. ಮುಚ್ಚಳ ತೆಗೆದರು. ಒಳಗೆ ಅಪ್ಪನ ಕೆಂಪು ಪಟ್ಟೆಬಟ್ಟೆ, ಅದರೊಳಗೆ ಐದು. ಎಲ್ಲ ಕಪ್ಪು. ಒಂದು ನಿಂಬೆಹಣ್ಣಿನಷ್ಟು, ಉಳಿದವು ಅಡಿಕೆಯಷ್ಟು. ತುಳಸಿ ಪುಡಿಯಾಗಿತ್ತು.

ಮುಂದೇನು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಇವರು ಫೋನಲ್ಲಿ ಪುರೋಹಿತರ ಮಗ ಬರೆದಿದ್ದನ್ನು ತೆಗೆದು ನೋಡುತ್ತಿದ್ದರು. ಆಗ ಅಡುಗೆಮನೆ ಬಾಗಿಲಿನಿಂದ ಅಮ್ಮ, ‘ಮೊದಲು ಗಂಟೆ. ಆಮೇಲೆ ಕಲಶದ ನೀರಿಗೆ ತುಳಸಿ. ಆಮೇಲೆ ಶಂಖ ತೊಳಿ’ ಅಂದಳು. ಹಾಗೇ ಒಂದೊಂದೇ ಹೇಳಿಕೊಂಡು ಹೋದಳು. ಸೊಪ್ಪು ಸೋಸುತ್ತಾ. ಒಂದೂ ತಪ್ಪಲಿಲ್ಲ. ಪುರುಷಸೂಕ್ತ ಹೇಳುವುದಿಲ್ಲ, ಆದರೆ ಇವರು ಯೂಟ್ಯೂಬಲ್ಲಿ ಹಾಕಿದ್ದು ಒಂದು ಕಡೆ ಜಂಪ್ ಆದಾಗ ‘ಒಂದು ಮಂತ್ರ ಹಾರಿತು’ ಅಂದಳು. ನಲವತ್ತಾರು ವರ್ಷ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದು.

ಅಡುಗೆಮನೆ ಆಸ್ಥಾನ

ನಾನು ಆಫೀಸಲ್ಲಿ ಓದುತ್ತಾ ಕೂತಿದ್ದೇನೆ. ಕಣ್ಣಲ್ಲಿ ನೀರು. ಪಕ್ಕದವಳು ಏನಾಯಿತು ಅನ್ನುತ್ತಿದ್ದಾಳೆ.

ರಿಟೈರ್ಡ್ ಮೇಷ್ಟ್ರು

ಬಹಳ ಸಂತೋಷ ಆಯಿತು ಮಗೂ. ಆದರೆ ಐದು ಅಂದಿರಿ. ಹೇಳಿದೆನಲ್ಲ, ಎಣಿಕೆಗೆ ಕ್ರಮ ಇದೆ ಅಂತ. ಒಂದಿದ್ದರೆ ಸರಿ. ಒಂದಕ್ಕಿಂತ ಜಾಸ್ತಿ ಇದ್ದರೆ ಸಮಸಂಖ್ಯೆ ಇರಬೇಕು, ಅದರಲ್ಲೂ ಎರಡು ಆಗದು. ನಾಲ್ಕು, ಆರು ಹೀಗೆ. ನಿಮ್ಮ ತಂದೆ ಅಷ್ಟು ನಿಷ್ಠರು ಅನ್ನುತ್ತೀರಿ, ಐದು ಇಟ್ಟುಕೊಂಡಿರಲಿಕ್ಕಿಲ್ಲ. ಇನ್ನೊಮ್ಮೆ ನೋಡಿ.

ಪುರೋಹಿತರ ಮಗ

ಮೇಷ್ಟ್ರೇ, ಅವರದ್ದು ಸ್ಮಾರ್ತರ ಮನೆಯಾದರೆ ಪಂಚಾಯತನ ಇರಬಹುದು, ಐದು ದೇವರಿಗೆ ಐದು ಕಲ್ಲು. ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣಾ ನದಿಯ ಕೆಂಪು ಕಲ್ಲು, ಸೂರ್ಯನಿಗೆ ಸ್ಫಟಿಕ, ಅಮ್ಮನವರಿಗೆ ಸ್ವರ್ಣಮುಖಿ ನದಿಯ ಕಲ್ಲು. ಆದರೆ ಎಲ್ಲ ಕಪ್ಪು ಅಂದರು, ಹಾಗಾಗಿ ಅದೂ ಹೊಂದುವುದಿಲ್ಲ.

ಪಂಚಾಯತನ ಆಗಿದ್ದರೆ ಶಿವನಿಗೆ ಶಂಖದಿಂದ ನೀರು ಹಾಕಬಾರದು, ನೆನಪಿರಲಿ. ಶಂಖ ವಿಷ್ಣುವಿಗೆ ಮಾತ್ರ.

ಕಲ್ಲುಬಂಡೆ

ಫೋಟೋ ಹಾಕಿ ಮೇಡಂ, ಪಳೆಯುಳಿಕೆ ಹೌದಾ ಅಲ್ಲವಾ ನೋಡಿ ಹೇಳುತ್ತೇನೆ.

ರಿಟೈರ್ಡ್ ಮೇಷ್ಟ್ರು

ಫೋಟೋ ಬೇಡ. ಪೂಜೆಯ ಸಾಲಿಗ್ರಾಮವನ್ನು ಹಾಗೆಲ್ಲ ಇಂಟರ್‌ನೆಟ್ಟಿಗೆ ಹಾಕುವುದಲ್ಲ.

ಮಂಡ್ಯದ ಕಬ್ಬು

ಈ ಗ್ಯಾಪಲ್ಲಿ ಒಂದು ಬೇರೆ ಪ್ರಶ್ನೆ. ಹಿತ್ತಾಳೆ ದೀಪದ ಕಂಬ ಕಪ್ಪಗಾಗಿದೆ. ಹುಣಸೆಹಣ್ಣು ಹಾಕಿದರೆ ಹೊಳೆಯುತ್ತದೆ, ಎರಡೇ ದಿನಕ್ಕೆ ಮತ್ತೆ ಮಂಕು. ಏನು ಮಾಡಲಿ?

ಅಡುಗೆಮನೆ ಆಸ್ಥಾನ

ಹುಳಿ ಪೂರ್ತಿ ಹೋಗುವ ಹಾಗೆ ತೊಳೆಯುತ್ತಿಲ್ಲ ನೀವು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಆಮೇಲೆ ಸಬೀನಾ ಪುಡಿಯಲ್ಲಿ ಇನ್ನೊಂದು ಸಲ, ಚೆನ್ನಾಗಿ ತೊಳೆದು ತಕ್ಷಣ ಒರೆಸಿ, ಬಿಸಿಲಿಗೆ ಇಡಿ. ಒದ್ದೆ ಬಿಟ್ಟರೆ ಮುಗಿಯಿತು. ಒರೆಸುವುದು ಗಂಡಸರಿಗೆ ಯಾಕೋ ನೆನಪಾಗುವುದಿಲ್ಲ.

ಹುಬ್ಬಳ್ಳಿ ಮಂದಿ

ಕುಂಕುಮದ ಬಗ್ಗೆಯೂ ಯಾರಾದರೂ ಹೇಳ್ರಿ. ಈಗ ಅಂಗಡಿಯದು ಹಚ್ಚಿದರೆ ನಮ್ಮಾಕೆಗೆ ಹಣೆ ತುರಿಸುತ್ತದೆ.

ನ್ಯೂಜೆರ್ಸಿ ನುಗ್ಗೆಕಾಯಿ

ನಮ್ಮಜ್ಜಿ ಮನೆಯಲ್ಲೇ ಮಾಡುತ್ತಿದ್ದರು. ಅರಿಶಿನ ಕೊಂಬಿನ ಚೂರನ್ನು ನಿಂಬೆರಸ, ಬಿಳಿಗಾರದಲ್ಲಿ ನೆನೆಸಿಟ್ಟು, ದಿನಾ ಕೈಯಾಡಿಸಿ, ನೆರಳಲ್ಲಿ ಒಣಗಿಸಿ ಕುಟ್ಟುತ್ತಿದ್ದರು. ಹಳದಿ ಹೋಗಿ ಕೆಂಪು ಬರುತ್ತಿತ್ತು. ನಮಗೆ ಮ್ಯಾಜಿಕ್ಕು.

ಕಲ್ಲುಬಂಡೆ

ಅರಿಶಿನ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಬಿಳಿಬಟ್ಟೆ ಮೇಲೆ ಸಾರು ಚೆಲ್ಲಿದ ಕಲೆಗೆ ಸೋಪು ಹಚ್ಚಿ ನೋಡಿ, ಅದೇ ಕೆಂಪು. ಆರತಿಗೆ ಅರಿಶಿನ ನೀರಿಗೆ ಸುಣ್ಣ ಹಾಕಿ ಕೆಂಪಾರತಿ ಮಾಡುವುದೂ ಇದೇ. ಅಂಗಡಿಯದರಲ್ಲಿ ಬಣ್ಣ ಹಾಕಿದ್ದೇ ಹೆಚ್ಚು. ತುರಿಕೆ ಬಂದರೆ ನಿಲ್ಲಿಸಿಬಿಡಿ, ಚರ್ಮದ ಡಾಕ್ಟರಿಗೂ ತೋರಿಸಿ.

ಸುಮ್ನೆ ಓದುಗ

ಬಾಡಿದ ಹೂವು ಏನು ಮಾಡುತ್ತೀರಿ ಎಲ್ಲರೂ? ನಮ್ಮ ಬೀದಿಯ ಅರಳಿಕಟ್ಟೆ ಮೇಲೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಇಟ್ಟು ಹೋಗುತ್ತಾರೆ. ಜೊತೆಗೆ ಗಾಜು ಒಡೆದ ದೇವರ ಫೋಟೋ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಭಯ, ಬೀದಿಯಲ್ಲಿ ಬಿಡುವುದಕ್ಕೆ ಭಯ ಇಲ್ಲ.

ಪುರೋಹಿತರ ಮಗ

ಹೂವು ಕುಂಡಕ್ಕೆ, ಗೊಬ್ಬರವಾಗುತ್ತದೆ. ದಾರ ಬಿಚ್ಚಿ ಹಾಕಿ. ಯಾರೂ ತುಳಿಯದ ಜಾಗ ಆದರೆ ಸಾಕು. ಫೋಟೋದ ಗಾಜು, ಚೌಕಟ್ಟು ಬೇರೆ ಮಾಡಿ, ಕಾಗದವನ್ನು ನೀರಲ್ಲಿ ನೆನೆಸಿ ಗಿಡದ ಬುಡಕ್ಕೆ ಹಾಕಿ ಅಂತ ಅಪ್ಪ ಹೇಳುತ್ತಾರೆ. ಕೆರೆಗೆ ಬೇಡ, ದಯವಿಟ್ಟು.

ಹೊಸನಗರದ ಹುಡುಗಿ

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ.

ಸಂಜೆ ದೀಪದ ಬೆಳಕಲ್ಲಿ ಯಜಮಾನರು ಒಂದೊಂದಾಗಿ ತೋರಿಸಿದರು. ನಾಲ್ಕರಲ್ಲಿ ಸಣ್ಣ ಬಾಯಿ ಇದೆ, ಟಾರ್ಚ್ ಬಿಟ್ಟರೆ ಒಳಗೆ ಸುರುಳಿ ಗೆರೆ ಕಾಣುತ್ತದೆ. ಐದನೆಯದಕ್ಕೆ ಬಾಯಿಯೂ ಇಲ್ಲ, ಚಕ್ರವೂ ಇಲ್ಲ. ಸುಮ್ನೆ ಒಂದು ನುಣುಪು ಕಲ್ಲು. ಕಪ್ಪೂ ಅಲ್ಲ ಸರಿಯಾಗಿ, ಗಂಧ ಎಣ್ಣೆ ಹತ್ತಿ ಹತ್ತಿ ಕಪ್ಪಾಗಿದ್ದು.

ಅಮ್ಮನನ್ನು ಕೇಳಿದೆ. ‘ಅದಾ? ಅದು ನೀನು ತಂದಿದ್ದು’ ಅಂದಳು.

ನನಗೆ ನಾಲ್ಕೋ ಐದೋ ವರ್ಷ. ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಗೆ ಹೋಗಿದ್ದೆವಂತೆ. ತುಂಗಾ ಹೊಳೆಯಲ್ಲಿ ಒಂದು ಕಲ್ಲು ಹೆಕ್ಕಿಕೊಂಡು ಬಂದು, ಮರುದಿನ ಅಪ್ಪ ಪೂಜೆಗೆ ಕೂತಾಗ ನಾನು ಓಡಿಬಂದು ತಟ್ಟೆಯೊಳಗೆ ಹಾಕಿದೆನಂತೆ. ‘ಇದಕ್ಕೂ ಸ್ನಾನ ಮಾಡ್ಸಿ’ ಅಂತ. ಅಪ್ಪ ತೆಗೆದರೆ ನಾನು ಅತ್ತೆನಂತೆ. ಸರಿ, ಇವತ್ತೊಂದು ದಿನ ಅಂತ ಬಿಟ್ಟರು. ಮರುದಿನವೂ ಕೇಳಿದೆ. ಹಾಗೇ ಉಳಿಯಿತು. ನಾನು ಹಾಸ್ಟೆಲಿಗೆ ಹೋದ ಮೇಲೂ ಅವರು ತೆಗೆಯಲಿಲ್ಲ ಅಂತ ಅಮ್ಮ ಹೇಳಿದಳು. ‘ನಾನು ಒಂದೆರಡು ಸಲ ಕೇಳಿದೆ. ಇರಲಿ ಬಿಡು, ಅಭ್ಯಾಸ ಆಗಿದೆ ಅಂದ್ರು.’

ನನಗೆ ಒಂದು ಚೂರೂ ನೆನಪಿಲ್ಲ.

ಗಡಿಬಿಡಿ ಗಣಪ

...

ಹುಬ್ಬಳ್ಳಿ ಮಂದಿ

ನಿಮ್ಮಪ್ಪ ದೊಡ್ಡ ಮನುಷ್ಯ ತಂಗಿ.

ಅಡುಗೆಮನೆ ಆಸ್ಥಾನ

ಅಂದರೆ ಆ ತಟ್ಟೆಗೆ ಮೊದಲು ಕೈ ಹಾಕಿದ ಹೆಣ್ಣುಮಗಳು ನೀವೇ! ಮೂವತ್ತು ವರ್ಷದ ಹಿಂದೆಯೇ! ಮೇಷ್ಟ್ರೇ, ಎಲ್ಲಿದ್ದೀರಿ?

ರಿಟೈರ್ಡ್ ಮೇಷ್ಟ್ರು

ಇಲ್ಲೇ ಇದ್ದೇನೆ ತಾಯಿ. ಚಿಕ್ಕ ಮಕ್ಕಳಿಗೆ ಮಡಿ ಮೈಲಿಗೆ ಇಲ್ಲ. ಅದು ಎಲ್ಲ ಮನೆತನದ ಆಚಾರದಲ್ಲೂ ಉಂಟು. ಎಣಿಕೆಗೆ ನಾಲ್ಕೇ ಆಯಿತು, ದೋಷವಿಲ್ಲ. ಐದನೆಯದನ್ನು ಏನು ಮಾಡಬೇಕು ಅಂತ ನಾನು ಹೇಳಲಾರೆ.

ಅಡುಗೆಮನೆ ಆಸ್ಥಾನ

ಮೇಷ್ಟ್ರು ಹೇಳಲಾರೆ ಅಂದಿದ್ದು ಇದೇ ಮೊದಲು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಕಲ್ಲುಬಂಡೆ

ಮಲೆನಾಡಿನ ಕಲ್ಲುಗಳಲ್ಲಿ ಕೆಲವು 250 ಕೋಟಿ ವರ್ಷಕ್ಕೂ ಹಳೆಯವು. ನಿಮ್ಮ ತುಂಗೆಯ ಕಲ್ಲು ಅಂಥದ್ದಾಗಿದ್ದರೆ ತಟ್ಟೆಯಲ್ಲಿ ಅದೇ ಹಿರಿಯ. ಸುಮ್ನೆ ಹೇಳಿದೆ.

ಹೊಸನಗರದ ಹುಡುಗಿ

ಸದ್ಯಕ್ಕೆ ಹೀಗೆ ಮಾಡಿಕೊಂಡಿದ್ದೇವೆ. ವಾರದ ದಿನ ಯಜಮಾನರು ಆರೂಮುಕ್ಕಾಲಿಗೆ, ಹತ್ತು ನಿಮಿಷದ ಪೂಜೆ, ಹಾಲು ಅಥವಾ ದ್ರಾಕ್ಷಿ. ಭಾನುವಾರ ಉದ್ದದ್ದು, ಅನ್ನದ ನೈವೇದ್ಯ, ಅಮ್ಮನ ಡೈರೆಕ್ಷನ್. ಇವರು ಊರಲ್ಲಿ ಇಲ್ಲದ ದಿನ ನಾನು. ಅಮ್ಮನನ್ನು ಕೇಳಿದೆ, ನಾನು ಮುಟ್ಟಲಾ ಅಂತ. ಅವಳು ‘ಉದ್ಧರಣೆ ಬಲಗೈಯಲ್ಲಿ ಹಿಡಿ’ ಅಂದಳು, ಅಷ್ಟೇ. ಅವಳು ಮಾತ್ರ ಈಗಲೂ ಮುಟ್ಟುವುದಿಲ್ಲ. ನಾನೂ ಬಲವಂತ ಮಾಡಿಲ್ಲ.

ಅತ್ತೆಯ ತಂಗಿಗೆ ಇನ್ನೂ ಹೇಳಿಲ್ಲ. ಮುಂದಿನ ತಿಂಗಳು ಬರುತ್ತಾರಂತೆ.

ಬಾರ್ಕೂರು ಬೈಲು

ಅವರು ಬಂದ ಮೇಲೆ ಇಲ್ಲಿ ಬರೆಯಿರಿ ಮಾರಾಯ್ರೆ, ಮರೆಯಬೇಡಿ.

ಮಂಡ್ಯದ ಕಬ್ಬು

ದೀಪದ ಕಂಬ ಹೊಳೆಯಿತು. ಒರೆಸಿದೆ.

ತಡವಾಗಿ ಬಂದವ

ಈಗಷ್ಟೇ ಪೂರ್ತಿ ಓದಿದೆ. ನಮ್ಮ ಮನೆಯಲ್ಲಿ ಎರಡು ಬಲಮುರಿ ಗಣಪತಿ ಇದೆ, ಒಂದರ ಸೊಂಡಿಲು ಸ್ವಲ್ಪ ಮುಕ್ಕಾಗಿದೆ. ಅದಕ್ಕೂ ಇದೇ ನಿಯಮಾನಾ?

ಗಡಿಬಿಡಿ ಗಣಪ

ಅಯ್ಯೋ, ಅದಕ್ಕೆ ಹೊಸ ಚರ್ಚೆ ತೆಗೆಯಿರಿ. ಮೇಷ್ಟ್ರು ಊಟಕ್ಕೆ ಹೋಗಿದ್ದಾರೆ.